ಬೊಂಬಾಯಿ ಪೆಟ್ಟಿಗೆಯ ಊರು

ಮುಲುಂಡಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಮುಂಬೈ ಎಂದರೆ ಚೆಕ್‌ನಾಕಾದ ಈಚಿನದು ಮಾತ್ರ. ಠಾಣೆ ಅವರ ಮನೆಯಿಂದ ಒಂದೇ ಸ್ಟೇಷನ್ ದೂರ. ಆದರೂ ಠಾಣೆಗೆ ಹೊರಟವರನ್ನು ‘ಹೊರಗೆ ಹೋಗಿದ್ದಾರೆ’ ಎನ್ನುತ್ತಾರೆ. ಈ ಲೆಕ್ಕ ಬಂದದ್ದು ಚಿಕ್ಕಯ್ಯನಿಂದ. ಲಾಲ್ ಬಹಾದ್ದೂರ್ ಶಾಸ್ತ್ರಿ ರಸ್ತೆಯ ನಾಕಾದ ಹತ್ತಿರ ಅವರು ಮೂವತ್ತು ವರ್ಷ ಚಹಾ, ಇಡ್ಲಿ, ಬಟಾಟೆವಡೆ ಮಾರಿದವರು. ಮುಂಬೈ ಪಾಲಿಕೆಯ ಎಲ್ಲೆಯೊಳಗೆ ಬರುವ ಮಾಲಿಗೆ ಅಲ್ಲಿ ಜಕಾತಿ ಕಟ್ಟಬೇಕಿತ್ತು. ಕಾಗದಪತ್ರ ಮುಗಿಯುವ ತನಕ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಡ್ರೈವರು ಕ್ಲೀನರುಗಳು ಇಳಿದು ಚಿಕ್ಕಯ್ಯನ ಬೆಂಚಿನ ಮೇಲೆ ಕೂರುತ್ತಿದ್ದರು. ಪಾಲಿಕೆಗೆ ಕೊನೆಕೊನೆಗೆ ವರ್ಷಕ್ಕೆ ಸುಮಾರು 7,000 ಕೋಟಿ ರೂಪಾಯಿ ತರುತ್ತಿದ್ದ ಈ ಜಕಾತಿ, ಜಿಎಸ್‌ಟಿ ಬಂದ 2017ರ ಜುಲೈ 1ರಂದು ನಿಂತುಹೋಯಿತು. ಅದನ್ನು ನೋಡಲು ಚಿಕ್ಕಯ್ಯ ಇರಲಿಲ್ಲ. ಚಿಕ್ಕಮ್ಮನ ಮನಸ್ಸಿನೊಳಗಿನ ನಾಕಾ ಮಾತ್ರ ಇವತ್ತಿಗೂ ತೆರೆದೇ ಇದೆ.

ನನ್ನ ಮಗಳ ಮದುವೆ ಜನವರಿಯಲ್ಲಿ ನಿಶ್ಚಯವಾಗಿತ್ತು. ದೀಪಾವಳಿ ಕಳೆದ ಮೇಲೆ ಕುಂದಾಪುರದಿಂದ ಮತ್ಸ್ಯಗಂಧಾ ಹತ್ತಿ ಮುಲುಂಡಿಗೆ ಬಂದೆ. ಧಾರೆಸೀರೆಯನ್ನು ಊರಲ್ಲೇ ತೆಗೆದಿದ್ದೆವು. ಉಡುಗೊರೆಗೆ ಇಪ್ಪತ್ತೆರಡು ಸೀರೆ, ಮಗನಿಗೂ ಭಾವನ ಮಕ್ಕಳಿಗೂ ಪ್ಯಾಂಟು, ದಿಂಬಿನ ಕವರು, ಚಾದರ – ಇಷ್ಟು ಬಾಕಿ. ಮುಲುಂಡಿನ ಅಂಗಡಿಯೊಂದರಲ್ಲಿ ಸಾಧಾರಣ ಸೀರೆಗೆ ಒಂಬೈನೂರು ಹೇಳಿದರು. ಚಿಕ್ಕಮ್ಮ ನನ್ನ ಕೈ ಹಿಡಿದು ಹೊರಗೆ ಕರೆತಂದರು.

“ಹೆಣೆ, ಇಲ್ಲಿ ತಕಂಡ್ರೆ ದುಡ್ಡ್ ಹಾಳ್. ನಾಳೆ ಬೆಳಿಗ್ಗೆ ಕ್ಯಾಂಪಿಗೆ ಹೋಪ.”

ಕ್ಯಾಂಪ್ ಎಂದರೆ ಉಲ್ಲಾಸನಗರ. ಐವತ್ತು ವರ್ಷಗಳಿಂದ ಅವರಿಗೆ ಅದು ಕ್ಯಾಂಪೇ. 1973ರಲ್ಲಿ ಮದುವೆಯಾಗಿ ಬಂದವರು, ಮರುವರ್ಷ ದಸರೆಯ ಮುಂಚೆ ಚಾಳಿನ ಹೆಂಗಸರ ಜೊತೆ ಮೊದಲ ಸಲ ಅಲ್ಲಿಗೆ ಹೋದರು. ಅಲ್ಲಿಂದ ಈಚೆಗೆ ಮಕ್ಕಳ ಯೂನಿಫಾರ್ಮ್ ಬಟ್ಟೆ, ಪರದೆ, ಊರಿಗೆ ಒಯ್ಯುವ ಸೀರೆ, ಏನಿದ್ದರೂ ಗಡಿ ದಾಟಿಯೇ ತಂದದ್ದು. ತಿರುಗಿ ಬರುವಾಗ ರೈಲಿನಲ್ಲಿ ಅವರನ್ನು ಯಾರೂ ಒಮ್ಮೆಯೂ ತಡೆದಿಲ್ಲ. ಆದರೂ ಮುಲುಂಡು ಹತ್ತಿರವಾದಂತೆ ಗಂಟನ್ನು ಸೀಟಿನ ಕೆಳಗೆ ತಳ್ಳಿ ಸೆರಗು ಇಳಿಬಿಡುತ್ತಿದ್ದರಂತೆ. ಜಕಾತಿಯ ಕಥೆಗಳನ್ನು ರಾತ್ರಿ ಊಟದ ಹೊತ್ತಿಗೆ ಕೇಳುತ್ತಿದ್ದವರಿಗೆ ಆ ಭಯ ಬಾರದೆ ಇದ್ದೀತೆ?

ಇಲ್ಲಿ ನನ್ನ ಬಾಲ್ಯದ ಒಂದು ಪೆಟ್ಟಿಗೆಯ ವಿಷಯ ಹೇಳಬೇಕು. ಕೊಂಕಣ ರೈಲು ಬೊಂಬಾಯಿಯಿಂದ ನಮ್ಮೂರಿನ ತನಕ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ಬೊಂಬಾಯಿಯವರು ಬರುತ್ತಿದ್ದದ್ದು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಸುತ್ತಿಕೊಂಡು ಘಟ್ಟ ಇಳಿಯುವ ಬಸ್ಸಿನಲ್ಲಿ. ಮೇ ತಿಂಗಳಲ್ಲಿ ಚಿಕ್ಕಯ್ಯ ಇಳಿದರೆ ಬಸ್ಸಿನ ಮೇಲಿಂದ ಒಂದು ತಗಡಿನ ಪೆಟ್ಟಿಗೆಯೂ ಇಳಿಯುತ್ತಿತ್ತು. ಅದರ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆ, ಅಂದರೆ ಹೊಸ ಬಟ್ಟೆಯ ಗಂಜಿ, ಟಾಲ್ಕಂ ಪೌಡರು, ರಬ್ಬರ್ ಚಪ್ಪಲಿ ಎಲ್ಲ ಬೆರೆತದ್ದು, ನನಗೆ ಈಗಲೂ ಮೂಗಿಗೆ ಬರುತ್ತದೆ. ಅಮ್ಮನಿಗೆ ನೈಲಾನ್ ಸೀರೆ, ಅಪ್ಪಯ್ಯನಿಗೆ ಷರ್ಟಿನ ತುಂಡು, ನಮಗೆ ಫ್ರಾಕು, ಬಾಚಣಿಗೆ, ಕನ್ನಡಿ, ಪೆನ್ನು. ಪೆನ್ನಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಎಂದು ಬರೆದಿತ್ತು. ನಾನು ಅದನ್ನು ಅಮೆರಿಕದ್ದೆಂದು ತಿಳಿದು ಶಾಲೆಗೆ ಒಯ್ಯದೆ ಜೋಪಾನ ಮಾಡಿದ್ದೆ. ನೀಲಿ ಫ್ರಾಕು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಜೊತೆಗಿದ್ದ ಅಪ್ಪಯ್ಯನ ಪಂಚೆಯೂ ನೀಲಿಯಾಯಿತು. ಅಮ್ಮ ಬೇಸರಿಸಲಿಲ್ಲ. “ಬೊಂಬಾಯಿಂದ್ ಬಂದದ್ದಲ್ದಾ” ಎಂದು ಉಪ್ಪುನೀರಿನಲ್ಲಿ ನೆನೆಹಾಕಿದ್ದರು.

ಆ ಪೆಟ್ಟಿಗೆ ತುಂಬುತ್ತಿದ್ದದ್ದು ಬೊಂಬಾಯಿಯಲ್ಲಲ್ಲ, ಉಲ್ಲಾಸನಗರದಲ್ಲಿ ಎಂದು ನನಗೆ ಗೊತ್ತಾದದ್ದು ಈ ಪ್ರಯಾಣದಲ್ಲಿ.

ಬೆಳಿಗ್ಗೆ ಒಂಬತ್ತರ ಮೇಲೆ ಹೊರಟೆವು. ಆ ಹೊತ್ತಿಗೆ ಜನವೆಲ್ಲ ಮುಂಬೈ ಕಡೆಗೆ ನುಗ್ಗುತ್ತಿರುತ್ತದೆ, ಎದುರು ದಿಕ್ಕಿಗೆ ಹೋಗುವವರಿಗೆ ಕೂರಲು ಜಾಗ ಸಿಗುತ್ತದೆ. ಅಂಬರನಾಥದ ಸ್ಲೋ ಗಾಡಿ. ಠಾಣೆ ದಾಟಿದ ಕೂಡಲೇ ಖಾಡಿಯ ಸೇತುವೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಈ ನೀರಿನ ಈಚೆ ದಡದಲ್ಲಿ. ನೀರು ದಾಟಿ ಕಲ್ಯಾಣ ಮುಟ್ಟಿದ್ದು ಮರುವರ್ಷ. ಜಕಾತಿಯ ಗಡಿ ಪಾಲಿಕೆ ಎಳೆದದ್ದು, ಈ ಗಡಿ ಮಾತ್ರ ನೆಲವೇ ಎಳೆದದ್ದು, ಮುಲುಂಡು, ಠಾಣೆಗಳಿರುವ ಸಾಷ್ಟಿ ದ್ವೀಪ ಇಲ್ಲಿಗೆ ಮುಗಿಯುತ್ತದೆ. ಎಕ್ಸ್‌ಪ್ರೆಸ್ ಗಾಡಿಗಳು ಪಾರಸಿಕ್ ಗುಡ್ಡದ ಸುರಂಗದೊಳಗೆ ನುಗ್ಗಿಹೋಗುತ್ತವೆ. ಸ್ಲೋ ಗಾಡಿ ಕಳವಾ, ಮುಂಬ್ರಾ ಎಂದು ಗುಡ್ಡದ ಬುಡವನ್ನೇ ಬಳಸಿ ಸಾಗುತ್ತದೆ. ಎಡಗಡೆ ಕೆಸರು, ಕಾಂಡ್ಲಾಗಿಡ, ಅಗಲವಾದ ನೀರು. “ಇದೇ ಉಲ್ಲಾಸ ನದಿ. ಊರಿಗೆ ಹೆಸ್ರ್ ಬಂದದ್ದ್ ಇದ್ರಿಂದಲೇ,” ಎಂದರು ಚಿಕ್ಕಮ್ಮ. ಪಂಚಗಂಗಾವಳಿಯ ದಡದಲ್ಲಿ ಹುಟ್ಟಿದವಳಿಗೆ ಆ ಕೆಸರು, ಆ ಕಾಂಡ್ಲಾ ಹೊಸತೆನಿಸಲಿಲ್ಲ.

ಕಲ್ಯಾಣದ ನಂತರ ವಿಠ್ಠಲವಾಡಿ, ಆಮೇಲೆ ಉಲ್ಲಾಸನಗರ. ಸ್ಟೇಷನ್ನಿನ ಹೊರಗೆ ಷೇರ್ ರಿಕ್ಷಾದವರು “ದೋ ನಂಬರ್, ದೋ ನಂಬರ್” ಎಂದು ಕೂಗುತ್ತಾರೆ. ಒಂದರಿಂದ ಐದರ ತನಕ ಕ್ಯಾಂಪುಗಳು. ವಿಳಾಸಗಳಲ್ಲಿ ಇವತ್ತಿಗೂ ಬ್ಯಾರಕ್ ನಂಬರು ಬರೆಯುತ್ತಾರೆ. ಬೋರ್ಡುಗಳ ಮೇಲೆ ಅದನ್ನು ಓದುತ್ತಾ ಹೋದಂತೆ ನನಗೆ, ಇದು ಸಂತೆಯಾಗುವ ಮೊದಲು ಏನಾಗಿತ್ತು ಎಂಬ ಯೋಚನೆ ಹತ್ತಿತು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಕಲ್ಯಾಣದ ಆಚೆಯ ಬಯಲಿನಲ್ಲಿ ಸೈನಿಕರಿಗಾಗಿ ಉದ್ದುದ್ದ ಬ್ಯಾರಕ್ಕುಗಳನ್ನು ಕಟ್ಟಿದ್ದರು. ಯುದ್ಧ ಮುಗಿದು ಅವು ಖಾಲಿ ಬಿದ್ದಿದ್ದವು. 1947ರಲ್ಲಿ ಪಂಜಾಬವನ್ನೂ ಬಂಗಾಳವನ್ನೂ ಸೀಳಿ ಹಂಚಿದರು. ಸಿಂಧ್ ಮಾತ್ರ ಇಡಿಯಾಗಿ ಪಾಕಿಸ್ತಾನಕ್ಕೆ ಹೋಯಿತು. ಪಂಜಾಬಿನ ಹಿಂದೂಗಳಿಗೂ ಸಿಖ್ಖರಿಗೂ ಗಡಿಯ ಈಚೆ ತಮ್ಮ ಭಾಷೆಯ ಒಂದು ತುಂಡು ನೆಲವಾದರೂ ಉಳಿಯಿತು, ಸಿಂಧಿಗಳಿಗೆ ಉಳಿಯಲಿಲ್ಲ. 1948ರ ಜನವರಿ 6ರಂದು ಕರಾಚಿಯಲ್ಲಿ ದೊಂಬಿಯಾದ ಮೇಲೆ, ಹೋಗುವುದೋ ಬಿಡುವುದೋ ಎಂದು ಕಾದಿದ್ದವರೂ ಹಡಗು ಹತ್ತಿದರು. ಬೊಂಬಾಯಿಯ ಬಂದರಿನಲ್ಲಿ ಇಳಿದವರಲ್ಲಿ ಸುಮಾರು ಒಂದು ಲಕ್ಷ ಜನರನ್ನು ಈ ಬ್ಯಾರಕ್ಕುಗಳಿಗೆ ತಂದು ಬಿಟ್ಟರು. ಗೋಣಿಚೀಲ, ಹಳೆ ಸೀರೆಗಳನ್ನು ಕಟ್ಟಿ ಒಂದೊಂದು ಸಂಸಾರಕ್ಕೆ ಒಂದೊಂದು ಅಂಕಣ ಮಾಡಿಕೊಂಡರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಂದು ಹೊಸ ಊರಿಗೆ ಶಂಕುಸ್ಥಾಪನೆ ಮಾಡಿದರು. ಸುಮಾರು 13 ಚದರ ಕಿಲೋಮೀಟರಿನ ಆ ಬಯಲಿನಲ್ಲಿ 2011ರ ಜನಗಣತಿಯ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ಜನ ಇದ್ದರು.

ಗಜಾನಂದ ಮಾರ್ಕೆಟ್ ಎರಡನೇ ಕ್ಯಾಂಪಿನಲ್ಲಿದೆ. ಎರಡೂ ಕಡೆ ಬಟ್ಟೆ, ನಡುವೆ ಇಬ್ಬರು ಒತ್ತಿಕೊಂಡು ಹೋಗುವಷ್ಟು ದಾರಿ, ತಲೆಯ ಮೇಲೆ ತೂಗುಹಾಕಿದ ದುಪ್ಪಟ್ಟಾಗಳು. ಹತ್ತಿರದ ಇನ್ನೊಂದು ಪೇಟೆಗೆ ಜಪಾನಿ ಬಜಾರ್ ಎಂದು ಹೆಸರು. ಪರದೇಶದ ಮಾಲಿಗೆ ದೇಶವೇ ಬಾಯಿಬಿಡುತ್ತಿದ್ದ ಕಾಲದಲ್ಲಿ ಎಂತೆಂಥ ಹೆಸರುಗಳು ಹುಟ್ಟಿಕೊಂಡವೋ! 1991ಕ್ಕೆ ಮೊದಲು ಜಪಾನಿನ ಸೀರೆ, ಅಮೆರಿಕದ ಪೆನ್ನು ಬೇಕೆಂದರೆ ಕ್ರಾಫರ್ಡ್ ಮಾರ್ಕೆಟ್ ಬಳಿಯ ಮುಸಾಫಿರ್‌ಖಾನಾದಲ್ಲಿ ಕದ್ದು ತಂದದ್ದನ್ನು ಕೊಳ್ಳಬೇಕಿತ್ತು. ಅದು ಕೈಗೆಟುಕದವರಿಗೆ ಉಲ್ಲಾಸನಗರ ಇತ್ತು. ‘ಯುಎಸ್‌ಎ’ ಅಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಮಾತು ಮುಂಬೈಯಲ್ಲಿ ಮನೆಮನೆಯದು. ಚಿಕ್ಕಮ್ಮ ಅದನ್ನು ಹೇಳಿದಾಗ ನಾನು ದಾರಿಯ ನಡುವೆ ನಿಂತುಬಿಟ್ಟೆ. ನನ್ನ ಪೆನ್ನಿಗೆ ಶಾಯಿ ತುಂಬಿದ ಕೈ ಇಲ್ಲೇ ಎಲ್ಲೋ ಒಂದು ಬ್ಯಾರಕ್ಕಿನಲ್ಲಿ ಇತ್ತು. ಆ ಪೆನ್ನಿನ ಮೇಲೆ ನನಗಿದ್ದ ಪ್ರೀತಿ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು.

ಚಿಕ್ಕಮ್ಮ ಯಾವಾಗಲೂ ಹೋಗುವ ಅಂಗಡಿಯಲ್ಲಿ ಗದ್ದುಗೆಯ ಮೇಲೆ ಒಬ್ಬ ವೃದ್ಧರು ಕೂತಿದ್ದರು. ಸೀರೆ ಬಿಚ್ಚಿ ತೋರಿಸುವವರು ಮಗ ಮತ್ತು ಇಬ್ಬರು ಹುಡುಗರು. ನಾವು ಕೂತ ಕೂಡಲೇ ಸ್ಟೀಲ್ ತಟ್ಟೆಯಲ್ಲಿ ಸುಟ್ಟ ಹಪ್ಪಳ, ಎರಡು ಲೋಟ ನೀರು ಬಂತು. ಬಂದವರಿಗೆ ಹಪ್ಪಳ ಮತ್ತು ನೀರು ಕೊಡುವುದು ಸಿಂಧಿಗಳ ಪದ್ಧತಿ. ನಮ್ಮಲ್ಲಿ ಬೆಲ್ಲ ಮತ್ತು ನೀರು ಕೊಟ್ಟಂತೆ. ಬಾಯಾರಿ ಬಂದವರು ಬರಿಹೊಟ್ಟೆಗೆ ನೀರು ಕುಡಿಯಬಾರದು ಎಂಬ ಅಕ್ಕರೆ ಎರಡರಲ್ಲೂ ಒಂದೇ.

ಆಮೇಲೆ ಚೌಕಾಸಿ ಶುರುವಾಯಿತು. ಚಿಕ್ಕಮ್ಮನ ಹಿಂದಿಯಲ್ಲಿ ಮರಾಠಿ ಅರ್ಧ, ಕುಂದಾಪ್ರ ಕಾಲು. ಅವರು ಒಂದು ಸೀರೆಯ ಬೆಲೆ ಕೇಳುವುದಿಲ್ಲ, ಇಪ್ಪತ್ತೆರಡರ ಬೆಲೆ ಕೇಳುತ್ತಾರೆ. ಮೊದಲು ಅಗ್ಗದ್ದನ್ನು ನೋಡಿ ಬದಿಗಿಡುತ್ತಾರೆ, ದುಬಾರಿಯದನ್ನು ಮುಟ್ಟಿ ಸುಮ್ಮನಾಗುತ್ತಾರೆ, ಕೊನೆಗೆ ನಡುವಿನದಕ್ಕೆ ಬರುತ್ತಾರೆ. ವೃದ್ಧರು ಆರುನೂರ ಇಪ್ಪತ್ತು ಎಂದರು. ಚಿಕ್ಕಮ್ಮ ನಾಲ್ಕುನೂರ ಎಂಬತ್ತು ಎಂದರು. ವೃದ್ಧರು ಕಣ್ಣು ಮುಚ್ಚಿ ಕೈಬೆರಳುಗಳ ಗಿಣ್ಣಿನ ಮೇಲೆ ಏನೋ ಎಣಿಸಿದರು. ಇಬ್ಬರ ಮುಖದಲ್ಲೂ ಸಿಟ್ಟಿಲ್ಲ, ಅವಸರವಿಲ್ಲ. ಐವತ್ತು ವರ್ಷ ಒಂದೇ ತಾಳಕ್ಕೆ ಹೆಜ್ಜೆ ಹಾಕಿದ ವೇಷಧಾರಿ, ಭಾಗವತರನ್ನು ನೋಡಿದಂತಾಯಿತು ನನಗೆ. ಐನೂರ ಇಪ್ಪತ್ತಕ್ಕೆ ನಿಂತಿತು.

“ಸಾಈಂ, ನಿಮಗೆ ಇದರಲ್ಲಿ ಏನು ಉಳಿಯುತ್ತದೆ?” ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವರು ಮಾತ್ರ ಖುಷಿಯಿಂದ ಹೇಳಿದರು. ಮುಂಬೈಯ ಅಂಗಡಿಯವನು ಒಂದು ಸೀರೆಗೆ ನೂರು ರೂಪಾಯಿ ಲಾಭ ಇಟ್ಟು ದಿನಕ್ಕೆ ಹತ್ತು ಮಾರುತ್ತಾನೆ. ನಾವು ಹದಿನೈದಿಟ್ಟು ನೂರು ಮಾರಬೇಕು. ಬಾಡಿಗೆ ಕಡಿಮೆ, ಮನೆಯವರೇ ಕೆಲಸಗಾರರು, ಮಾಲು ಅಂಗಡಿಯಲ್ಲಿ ಮಲಗಬಾರದು, ಮಲಗಿದ ಮಾಲು ಬಡ್ಡಿ ತಿನ್ನುತ್ತದೆ. ಅವರ ತಂದೆ ಶಿಕಾರ್‌ಪುರದಲ್ಲಿ ದೊಡ್ಡ ಅಂಗಡಿ ಬಿಟ್ಟು ಬಂದವರು. ಇಲ್ಲಿಗೆ ಬಂದ ಮೊದಲ ವರ್ಷ ಲೋಕಲ್ ರೈಲಿನಲ್ಲಿ ಹಪ್ಪಳ, ಪೆನ್ಸಿಲ್, ಪಿನ್ನು ಮಾರಿದರು. ಸಕ್ಕರೆಯನ್ನು ತಂದ ಬೆಲೆಗೇ ಮಾರಿ, ಖಾಲಿ ಗೋಣಿಯನ್ನು ಮಾರಿದ ದುಡ್ಡಷ್ಟೇ ಲಾಭವೆಂದುಕೊಂಡ ದಿನಗಳನ್ನು ತಂದೆ ಹೇಳುತ್ತಿದ್ದರಂತೆ. ಪಕ್ಕದ ಊರುಗಳ ವ್ಯಾಪಾರಿಗಳಿಗೆ ಇದರಿಂದ ಕೋಪ ಬಂದದ್ದೂ ಉಂಟು. ಆದರೆ ಕೈಯಲ್ಲಿ ಬಂಡವಾಳವಿಲ್ಲದವನು, ಗುರುತಿನವರಿಲ್ಲದವನು ಗಿರಾಕಿಯನ್ನು ಕರೆಯುವುದಾದರೂ ಹೇಗೆ? ಬೆಲೆ ಇಳಿಸುವುದೊಂದೇ ಅವನ ಕೈಯಲ್ಲಿರುವುದು. ನಾವು ಅಗ್ಗ ಎಂದು ಹುಡುಕಿಕೊಂಡು ಬಂದದ್ದು ಹಾಗೆ ಹುಟ್ಟಿದ್ದು.

ವೃದ್ಧರು 1950ರಲ್ಲಿ ಇಲ್ಲಿಯ ಬ್ಯಾರಕ್ಕಿನಲ್ಲೇ ಹುಟ್ಟಿದವರು, ಸಿಂಧ್ ನೋಡಿಲ್ಲ. ಪಕ್ಕದಲ್ಲಿ ಮಡಚಿಟ್ಟ ಸಿಂಧಿ ಪತ್ರಿಕೆ ಇತ್ತು, ಅರಬ್ಬಿಯಂತೆ ಬಲದಿಂದ ಎಡಕ್ಕೆ ಬರೆದ ಲಿಪಿ. “ಮಗನಿಗೆ ಇದನ್ನು ಓದಲು ಬರುವುದಿಲ್ಲ. ಮೊಮ್ಮಗನಿಗೆ ಮಾತೂ ಅರ್ಧ,” ಎಂದರು. ಸಿಂಧಿಯನ್ನು 1967ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿಸಿದ್ದಾರೆ. ಆದರೆ ಅದನ್ನು ತನ್ನದೆನ್ನುವ ರಾಜ್ಯವೊಂದು ಇಲ್ಲ. ಚಿಕ್ಕಮ್ಮ ತಲೆ ಆಡಿಸಿದರು. ಅವರು ದಿನವೂ ‘ಕರ್ನಾಟಕ ಮಲ್ಲ’ ತರಿಸುತ್ತಾರೆ, ಮನೆಯಲ್ಲಿ ಅದನ್ನು ಓದುವವರು ಅವರೊಬ್ಬರೇ. ಆದರೂ ನಮ್ಮದು ಬೇರೆ. ಚಿಕ್ಕಯ್ಯ ಹನ್ನೆರಡನೇ ವಯಸ್ಸಿಗೆ ಬಂದು ಹೊಟೇಲಿನಲ್ಲಿ ಲೋಟ ತೊಳೆದರು, ಕನ್ನಡದ ರಾತ್ರಿಶಾಲೆಯಲ್ಲಿ ಓದಿದರು, ಬಡತನ ಅವರಿಗೂ ಗೊತ್ತಿತ್ತು. 1902ರಲ್ಲೇ ಮೊಗವೀರರು ಬೊಂಬಾಯಿಯಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. ಅಂದಿನಿಂದ ಒಂದೊಂದು ಸಮಾಜವೂ ಹೊಸದಾಗಿ ಬಂದ ಹುಡುಗರಿಗೆ ಒಂದು ಮೂಲೆ ಕಾಯ್ದಿಟ್ಟಿದೆ. ಮೇ ತಿಂಗಳು ಬಂದರೆ ಪೆಟ್ಟಿಗೆ ತುಂಬಿಸಿ ಬಸ್ಸು ಹತ್ತುವ ಊರು ನಮಗೆ ಇದೆ.

ವೃದ್ಧರು ಅದನ್ನೇ ಕೇಳಿದರು. “ನೀವು ಪ್ರತಿ ವರ್ಷ ಊರಿಗೆ ಹೋಗುತ್ತೀರಾ?”

“ಹೋಗುತ್ತೇವೆ,” ಎಂದರು ಚಿಕ್ಕಮ್ಮ.

“ಸಮುದ್ರ ಇದೆಯೇ ಅಲ್ಲಿ?”

“ಇದೆ. ಮನೆಯಿಂದ ಅಲೆಯ ಸದ್ದು ಕೇಳುತ್ತದೆ.”

“ಕರಾಚಿಯದೂ ಅದೇ ಸಮುದ್ರ,” ಎಂದು ಹೇಳಿ, ಅವರು ಮಗನ ಕಡೆ ತಿರುಗಿ ಇನ್ನೊಂದು ಕಟ್ಟು ಬಿಚ್ಚಲು ಹೇಳಿದರು.

ಮಧ್ಯಾಹ್ನ ದಾಲ್ ಪಕ್ವಾನ್ ತಿಂದೆವು. ಗರಿಗರಿ ಮೈದಾಪೂರಿ, ಮೇಲೆ ಕಡಲೆಬೇಳೆ, ಹುಣಸೆಯ ಚಟ್ನಿ, ಹೆಚ್ಚಿದ ಈರುಳ್ಳಿ. ಬೆಳಗಿನ ತಿಂಡಿಯಂತೆ ಅದು. ನಾವು ಸಂತೆಗೆ ಬಂದವರು, ಹೊತ್ತು ನೋಡಲಿಲ್ಲ.

ಪ್ಯಾಂಟಿಗಾಗಿ ಐದನೇ ಕ್ಯಾಂಪಿಗೆ ಹೋಗಬೇಕಿತ್ತು. ದೇಶದ ಎಷ್ಟೋ ಊರುಗಳ ಫುಟ್‌ಪಾತಿನ ಮೇಲೆ ಮಾರಾಟವಾಗುವ ಜೀನ್ಸ್ ಹೊಲಿಯುವುದು ಇಲ್ಲಿ. ಗಲ್ಲಿಯ ಎರಡೂ ಬದಿಯ ಮಾಳಿಗೆಗಳಿಂದ ಹೊಲಿಗೆ ಯಂತ್ರಗಳ ಸದ್ದು ಒಂದೇ ಸಮನೆ ಇಳಿಯುತ್ತದೆ. ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿ ಒಂದು ಕೋಣೆಗೆ ಹೋದೆವು. ಕಿಟಕಿ ಒಂದು, ಯಂತ್ರಗಳು ಹನ್ನೊಂದು. ಹೊಲಿಯುವವರೆಲ್ಲ ಉತ್ತರ ಪ್ರದೇಶ, ಬಿಹಾರದ ತರುಣರು. ಒಬ್ಬನು ಜೇಬು ಮಾತ್ರ ಹೊಲಿಯುತ್ತಾನೆ, ಇನ್ನೊಬ್ಬನು ಝಿಪ್ ಮಾತ್ರ. ಕೂಲಿ ದಿನದ ಲೆಕ್ಕದಲ್ಲಲ್ಲ, ತುಂಡಿನ ಲೆಕ್ಕದಲ್ಲಿ. ನಾನು ಕೇಳಿದ್ದಕ್ಕೆ ಉತ್ತರ ಕೊಡುವಾಗಲೂ ಅವರ ಕಾಲು ಪೆಡಲಿನ ಮೇಲಿಂದ ಏಳಲಿಲ್ಲ, ಮಾತಾಡಿದಷ್ಟು ಹೊತ್ತು ಕೂಲಿ ಕಡಿಮೆ. ರಾತ್ರಿ ಅದೇ ಕೋಣೆಯಲ್ಲಿ ಯಂತ್ರಗಳ ನಡುವೆ ಮಲಗುತ್ತಾರಂತೆ. ಹೊಟೇಲು ಮುಚ್ಚಿದ ಮೇಲೆ ಟೇಬಲ್ ಜೋಡಿಸಿ ಮಲಗುತ್ತಿದ್ದೆವು ಎಂದು ಚಿಕ್ಕಯ್ಯ ಹೇಳುತ್ತಿದ್ದದ್ದು ನೆನಪಾಯಿತು. ನಾಲ್ಕು ಪ್ಯಾಂಟು ತೆಗೆದುಕೊಂಡೆ. ಅಲ್ಲಿ ಚಿಕ್ಕಮ್ಮ ಚೌಕಾಸಿ ಮಾಡಿದ್ದು ಮಾಲೀಕನ ಜೊತೆ. ಹುಡುಗರ ಕೂಲಿ ಅದರಿಂದ ಇಳಿಯದು ಎಂದು ನನಗೆ ನಾನೇ ಹೇಳಿಕೊಂಡೆ. ಇಳಿಯದೆಂದು ಹೇಗೆ ಹೇಳಲಿ?

ಹಿಂದಿರುಗುವಾಗ ರಿಕ್ಷಾ ವಾಲ್ಧುನಿ ಹೊಳೆಯ ಮೇಲಿನ ಸಣ್ಣ ಸೇತುವೆ ದಾಟಿತು. ಮೂಗಿಗೆ ಸೆರಗು ಹಿಡಿಯುವ ಮೊದಲೇ ವಾಸನೆ ಬಂದಿತ್ತು. ಇದೇ ಹೊಳೆಯ ದಡದಲ್ಲಿ, ಕೊಂಚ ಮೇಲೆ, ಅಂಬರನಾಥದ ಶಿವಾಲಯವಿದೆ. ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ತಲೆಯೆತ್ತಿದ ಉತ್ತರ ಕೊಂಕಣದ ಶಿಲಾಹಾರರ ಕಟ್ಟಡ, 1060ರದು. ಶಿವರಾತ್ರಿಗೆ ಚಿಕ್ಕಮ್ಮ ಅಲ್ಲಿಗೂ ಬರುತ್ತಾರೆ. ಒಂಬೈನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ದೇವರ ಮುಂದೆ ಹರಿಯಲೆಂದು ಆರಿಸಿದ ನೀರು ಇದು. ಜೀನ್ಸಿಗೆ ಬಣ್ಣ ಹಾಕಿ ತೊಳೆಯುವ ಘಟಕಗಳು ವರ್ಷಾನುಗಟ್ಟಲೆ ತಮ್ಮ ನೀರನ್ನೆಲ್ಲ ಇದಕ್ಕೇ ಬಿಟ್ಟವು, ಅಕ್ಕಪಕ್ಕದ ರಾಸಾಯನಿಕ ಕಾರ್ಖಾನೆಗಳ ಕೊಳೆಯೂ ಸೇರಿತು. 2014ರ ನವೆಂಬರಿನಲ್ಲಿ ಟ್ಯಾಂಕರಿನಿಂದ ಹೊಳೆಗೆ ಸುರಿದ ರಾಸಾಯನಿಕದ ಹೊಗೆಗೆ ದಡದ ನೂರಾರು ಜನ ಆಸ್ಪತ್ರೆ ಸೇರಿದರು. ಪರಿಸರದವರು ಹೂಡಿದ ಮೊಕದ್ದಮೆ ಮೇಲಿನ ನ್ಯಾಯಾಲಯಗಳ ತನಕ ಹೋಗಿ, ತೊಳೆಯುವ ಘಟಕಗಳಿಗೆ ಬೀಗ ಬಿತ್ತು. ನೂರಾರು ಮನೆಗಳ ದುಡಿಮೆಗೂ ಅದೇ ದಿನ ಬೀಗ ಬಿತ್ತು. ಹೊಲಿಗೆ ಇಲ್ಲೇ ಉಳಿಯಿತು, ತೊಳೆಯುವುದು ಎಷ್ಟೋ ಮಟ್ಟಿಗೆ ಬೇರೆ ಊರುಗಳ ಹೊರವಲಯಕ್ಕೆ ಸರಿಯಿತು. ಅಲ್ಲಿ ಯಾವ ಹೊಳೆ ಇದೆಯೋ.

ಅಮ್ಮ ಉಪ್ಪುನೀರಿನಲ್ಲಿ ನೆನೆಹಾಕಿದ ಫ್ರಾಕು ಕಣ್ಣ ಮುಂದೆ ಬಂತು. ನಮ್ಮ ಬಾವಿಕಟ್ಟೆಯ ಬಳಿ ಒಂದು ಬಕೆಟ್ಟು ನೀಲಿ ನೀರನ್ನು ತೆಂಗಿನಬುಡಕ್ಕೆ ಚೆಲ್ಲಿದ್ದೆವು. ಆ ಬಣ್ಣದ ಉಳಿದ ಪಾಲೆಲ್ಲ ಇಂಥ ಹೊಳೆಗಳಿಗೆ ಹರಿದಿತ್ತು. ಬೆಲೆ ಕಡಿಮೆಯಾದಾಗ ಉಳಿದ ದುಡ್ಡನ್ನು ಯಾರೋ ಎಲ್ಲೋ ತೆತ್ತಿರುತ್ತಾರೆ ಎಂದು ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದೇನೆ. ತೆತ್ತ ಜಾಗವನ್ನು ಮೂಗಿನಿಂದ ಅರಿತದ್ದು ಅದೇ ಮೊದಲು.

ಸಂಜೆಯ ಗಾಡಿಯಲ್ಲಿ ಮೂರು ಗಂಟುಗಳೊಡನೆ ಕೂತೆವು. ಮುಂಬ್ರಾ ಬಳಿ ನೀರಿನ ಮೇಲೆ ಕೆಂಪು ಬೆಳಕಿತ್ತು. ಠಾಣೆ ಬಂದಾಗ ಚಿಕ್ಕಮ್ಮ, ಜಕಾತಿ ನಿಂತು ವರ್ಷಗಳಾಗಿದ್ದರೂ, ಒಂದು ಗಂಟನ್ನು ಕಾಲಿನಿಂದ ಮೆಲ್ಲಗೆ ಸೀಟಿನ ಕೆಳಗೆ ಸರಿಸಿದರು. ನಾನು ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿದರು. “ಅಭ್ಯಾಸ ಹೆಣೆ,” ಎಂದರು.

ರಾತ್ರಿ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ, ಯಾರಿಗೆ ಯಾವುದು ಎಂದು ಚೀಟಿ ಬರೆದು ಸಿಕ್ಕಿಸುತ್ತಿದ್ದೆವು. ಒಂದು ಮಡಿಕೆಯೊಳಗಿಂದ ಅಂಗಡಿಯ ಬಿಲ್ಲು ಜಾರಿ ಬಿತ್ತು – ಗಜಾನಂದ ಮಾರ್ಕೆಟ್, ಉಲ್ಲಾಸನಗರ – 2. ಚಿಕ್ಕಮ್ಮ ಅದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ನಿನ್ ಚಿಕ್ಕಯ್ಯ ಇದನ್ನೆಲ್ಲ ಹರ್ದ್ ಬಿಸಾಡ್ತಿದ್ರ್. ಪೆಟ್ಟಿಗೆ ಕಟ್ಟುವತ್ತಿಗೆ ಒಂದ್ ಚೀಟಿ ಸೈತ ಬಿಡ್ತಿರ್ಲಿಲ್ಲ. ಊರಲ್ಲಿ ಎಲ್ಲರೂ ಇದು ಬೊಂಬಾಯಿ ದೊಡ್ ಅಂಗಡಿದ್ದ್ ಅಂದ್ಕಣ್ಕ್ ಅಂತ ಅವ್ರಿಗೆ ಆಸೆ.”

ಲಾರಿ ಡ್ರೈವರುಗಳಿಗೆ ಚಹಾ ಕೊಟ್ಟು ಕೂಡಿಟ್ಟ ದುಡ್ಡಿನಲ್ಲಿ, ವರ್ಷದಲ್ಲಿ ಸಿಕ್ಕ ಒಂದೇ ರಜೆಯ ದಿನ ಗಡಿ ದಾಟಿ ಹೋಗಿ, ಅಣ್ಣನ ಮಕ್ಕಳ ಅಳತೆಯನ್ನು ನೆನಪಿನಿಂದಲೇ ಹೇಳಿ ಅವರು ಫ್ರಾಕು ಆರಿಸುತ್ತಿದ್ದರು ಎಂಬುದನ್ನೂ ಚಿಕ್ಕಮ್ಮ ಆಗಲೇ ಹೇಳಿದ್ದು.

ಬಿಲ್ಲನ್ನು ಅವರ ಕೈಯಿಂದ ತೆಗೆದುಕೊಂಡೆ. ಅಮ್ಮನಿಗೆಂದು ಆರಿಸಿದ ಮಾವಿನ ಚಿಗುರಿನ ಬಣ್ಣದ ಸೀರೆಯ ಸೆರಗಿನ ಮಡಿಕೆಯಲ್ಲಿ, ಬಿಚ್ಚಿದ ಕೂಡಲೇ ಕಾಣುವ ಹಾಗೆ ಇಟ್ಟು, ಪೆಟ್ಟಿಗೆಯ ಎಲ್ಲಕ್ಕಿಂತ ಮೇಲೆ ಇರಿಸಿದೆ.